ನಮ್ಮ ತಾತನ ಸ್ಟೇಷನ್

ನಮ್ಮೂರಿಗೆ ಒಂದು ರೈಲ್ವೆ ಸ್ಟೇಷನ್ ಇದೆ. ಆದರೆ ಅದು ನಮ್ಮೂರಲ್ಲಿ ಇಲ್ಲ. ಊರಿನ ಕೊನೆಯ ಮನೆ ದಾಟಿ, ಹೊಲಗಳ ನಡುವಿನ ಗಾಡಿಜಾಡಿನಲ್ಲಿ ಮುಕ್ಕಾಲು ಗಂಟೆ ನಡೆದು, ದಾರಿಯಲ್ಲಿ ಎರಡು ಸಲ ನಿಂತು ಚಪ್ಪಲಿಗಂಟಿದ ಮಣ್ಣು ಕೆರೆದುಕೊಂಡರೆ, ಬಯಲಿನ ನಟ್ಟನಡುವೆ ಹೆಂಚು ಹೊದಿಸಿದ ಒಂದು ಕಟ್ಟಡ ಕಾಣುತ್ತದೆ. ಗೋಡೆಯ ಮೇಲೆ ನಮ್ಮೂರ ಹೆಸರು ಬರೆದಿರುವುದರಿಂದ ಅದು ನಮ್ಮದೇ ಎಂದು ನಂಬಿದ್ದೇವೆ. ಅಷ್ಟು ದೂರದಲ್ಲಿ ಅದನ್ನು ಯಾಕೆ ಕಟ್ಟಿದರು ಎಂಬುದಕ್ಕೆ ಮನೆಗೊಂದು ಸಿದ್ಧಾಂತವಿತ್ತು. ನಕ್ಷೆಯನ್ನು ತಲೆಕೆಳಗು ಹಿಡಿದಿದ್ದರು ಎನ್ನುವವರು ಕೆಲವರು. ಬಂದಿದ್ದ ಇಂಜಿನಿಯರಿಗೆ ನಮ್ಮೂರ ನಾಯಿ ಕಚ್ಚಿತ್ತು ಎನ್ನುವವರು ಇನ್ನು ಕೆಲವರು. ರೈಲು ತಪ್ಪಿಸಿಕೊಂಡು ಕಾಲೆಳೆಯುತ್ತ ವಾಪಸ್ಸು ಬರುವವರು ಮಾತ್ರ ಸಿದ್ಧಾಂತದ ಗೊಡವೆಗೆ ಹೋಗದೆ, ‘ಯಾವ ಪುಣ್ಯಾತ್ಮ ಇದನ್ನ ಅಲ್ಲಿ ಕಟ್ಟಿಸಿದ್ನೋ, ಅವನ ಮನೆ ಹಾಳಾಗ’ ಎಂದು ಬೈಯುತ್ತಿದ್ದರು. ಬೈಗುಳ ಯಾವ ಮನೆಗೆ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲೇ ಅಲೆಯುತ್ತಿತ್ತು.

ಹಾಸಿಗೆ ಹೊಲಿಯುವ ಅರಳೆಯಪ್ಪನಿಗೆ ಇದ್ಯಾವುದೂ ಬೇಕಿರಲಿಲ್ಲ. ಅವನ ನಿಜವಾದ ಹೆಸರು ಬೇರೆ. ಹತ್ತಿ ಹಿಂಜಿ ಹಿಂಜಿ ಹುಬ್ಬಿನಲ್ಲಿ, ಮೀಸೆಯಲ್ಲಿ, ಕಿವಿಯ ಕೂದಲಿನಲ್ಲಿ ಸದಾ ಅರಳೆ ಅಂಟಿಕೊಂಡಿರುತ್ತಿದ್ದುದರಿಂದ ಹೆಸರಾಗಿಯೂ ಅದೇ ಅಂಟಿಕೊಂಡಿತ್ತು. ಬೇರೆಯವರನ್ನು ಸುಖವಾಗಿ ಮಲಗಿಸುವುದು ಅವನ ಕಸುಬು. ಅವನು ಮಾತ್ರ ಕೆಲವು ವಾರಗಳಿಂದ ನಿದ್ದೆಗೆಟ್ಟಿದ್ದ. ಕಾರಣ, ಮನೆಯಲ್ಲಿ ಅವನ ಹೆಂಡತಿಯ ಅಣ್ಣ ಬಂದು ಕೂತಿದ್ದರು.

ಈ ಭಾವನವರು ನಿವೃತ್ತ ಹೆಡ್‌ಮಾಸ್ಟರು. ನಿವೃತ್ತಿಯಾದ ಮೇಲೆ ಕೆಲವರು ತೋಟ ಮಾಡುತ್ತಾರೆ, ಕೆಲವರು ಮೊಮ್ಮಕ್ಕಳನ್ನು ಆಡಿಸುತ್ತಾರೆ. ಇವರು ಇತಿಹಾಸ ಬರೆಯುತ್ತಿದ್ದರು. ತಮ್ಮ ಊರಿನ ಕುಡಿಯುವ ನೀರಿನ ಟ್ಯಾಂಕಿನ ಇತಿಹಾಸವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದರು. ಅದರಲ್ಲಿ ಟ್ಯಾಂಕಿಗಿಂತ ಅವರ ತಾತನೇ ಹೆಚ್ಚು ತುಂಬಿದ್ದ. ಬೆಳಗ್ಗೆ ಅವರು ಬಾಯಿ ಮುಕ್ಕಳಿಸಿದರೆ ಪಕ್ಕದ ಮನೆಯವರು ಏಳುತ್ತಿದ್ದರು. ಊಟಕ್ಕೆ ಕೂತರೆ ತಾತ, ಎದ್ದರೆ ತಾತ. ಕೊನೆಗೆ ಒಂದು ನಿಟ್ಟುಸಿರು ಬಿಟ್ಟು, “ಅಲ್ಲ ಅಳಿಯಂದ್ರೇ, ನಿಮ್ಮ ಮನೆತನದಲ್ಲಿ ಹೇಳಿಕೊಳ್ಳೋ ಅಂಥದ್ದು ಏನೂ ಇಲ್ವಲ್ಲ!” ಎಂದು ಕನಿಕರ ಪಡುತ್ತಿದ್ದರು.

“ಹಾಸಿಗೆ ಇದೆ,” ಎನ್ನುತ್ತಿದ್ದ ಅರಳೆಯಪ್ಪ.

“ಹಾಸಿಗೆಗೆ ಇತಿಹಾಸ ಇರಲ್ಲ ಬಿಡಿ.”

ಅಂತೂ ಭಾವನವರು ಹೊರಡುವ ಶುಭದಿನ ಬಂತು. ಅರಳೆಯಪ್ಪ ಖುಷಿಯಲ್ಲಿ ಹೊಸ ಹಾಸಿಗೆಯೊಂದನ್ನು ಹೊಲಿದು, ಸುರುಳಿ ಸುತ್ತಿ ತಲೆಯ ಮೇಲೆ ಹೊತ್ತು, ಅವರ ಟ್ರಂಕನ್ನು ಕೈಗಾಡಿಯಲ್ಲಿ ತಳ್ಳಿಸಿಕೊಂಡು ಸ್ಟೇಷನ್ನಿಗೆ ತಂದ. ರೈಲು ಎಂದಿನಂತೆ ಬಂದಿರಲಿಲ್ಲ. ಭಾವನವರು ಬೆಂಚಿನ ಮೇಲೆ ಕೂತು ಸೊಂಟ ಹಿಡಿದುಕೊಂಡು ನರಳಿದರು. ನರಳಿ, ಹೊರಡುವ ಮನಸ್ಸೇ ಬದಲಾಯಿಸಿಬಿಟ್ಟಾರೆಂದು ಹೆದರಿದ ಅರಳೆಯಪ್ಪ ಹಾಸಿಗೆಯನ್ನು ಬೆಂಚಿನ ಮೇಲೆ ಬಿಡಿಸಿ ಹಾಸಿ ಅವರನ್ನು ಮಲಗಿಸಿದ.

ಸ್ಟೇಷನ್ ಮಾಸ್ಟರು ಹೊರಗೆ ಬಂದರು. ಟಿಕೆಟ್ಟು ಕೊಡುವವರು, ಹಸಿರು ಬಾವುಟ ತೋರಿಸುವವರು, ಪ್ಲಾಟ್‌ಫಾರಂ ಗುಡಿಸುವವರು ಎಲ್ಲ ಅವರೇ. ಒಬ್ಬರೇ ನಾಲ್ಕಾಳಿನ ಕೆಲಸ ಮಾಡುತ್ತಿದ್ದುದರಿಂದ ನಾಲ್ಕಾಳಿನ ಸಿಟ್ಟೂ ಅವರಲ್ಲಿತ್ತು. ಬೆಂಚಿನ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಭಾವನವರು, ಭಾವನವರ ಹೊಟ್ಟೆಯ ಮೇಲೆ ಕನ್ನಡಕ ಇವಿಷ್ಟನ್ನೂ ನೋಡಿ ಕೂಗಿದರು: “ಏನ್ರೀ ಇದು! ಇದೇನು ನಿಮ್ಮ ತಾತನ ಸ್ಟೇಷನ್ನಾ?”

ಬೇರೆ ದಿನವಾಗಿದ್ದರೆ ಅರಳೆಯಪ್ಪ ತಲೆ ಕೆರೆದುಕೊಂಡು ಹಾಸಿಗೆ ಸುತ್ತುತ್ತಿದ್ದ. ಆದರೆ ವಾರಗಟ್ಟಲೆ ‘ತಾತ ತಾತ’ ಎಂದು ಕೇಳಿ ಕೇಳಿ ಕಿವಿ ತೂತಾಗಿದ್ದ ಮನುಷ್ಯ. ಅವನ ಬಾಯಿಂದ ಮಾತು ತಾನಾಗಿಯೇ ಹಾರಿತು.

“ಹೌದು ಕಣ್ರೀ! ನಮ್ಮ ತಾತಂದೇ! ಏನೀಗ?”

ಸ್ಟೇಷನ್ ಮಾಸ್ಟರು ಬಾಯಿ ತೆರೆದರು. ಅಷ್ಟರಲ್ಲಿ ಭಾವನವರು ದಿಗ್ಗನೆ ಎದ್ದು ಕೂತರು.

“ಏನಂದ್ರಿ?”

“ಏನಿಲ್ಲ ಭಾವ, ಮಲಗಿ.”

“ನಿಮ್ಮ ತಾತನ ಸ್ಟೇಷನ್ನಾ? ಇಷ್ಟು ದಿನ ಈ ವಿಷಯ ಮುಚ್ಚಿಟ್ಟಿದ್ರಾ? ಯಾರ ಹತ್ರ? ನನ್ನ ಹತ್ರ!”

“ಅಯ್ಯೋ, ಅದು ಸುಮ್ನೆ ಬಾಯಿಗೆ ಬಂದ ಮಾತು...”

“ನೋಡಿ ಇವರ ವಿನಯ!” ಎಂದರು ಭಾವನವರು, ಸ್ಟೇಷನ್ ಮಾಸ್ಟರ ಕಡೆ ತಿರುಗಿ.

ರೈಲು ಆಗಲೇ ಬಂತು. ಅರಳೆಯಪ್ಪ ಟ್ರಂಕನ್ನು ಮೇಲೆತ್ತಿ ಬೋಗಿಯೊಳಗೆ ತಳ್ಳಿದ. ಭಾವನವರು ಅದನ್ನು ಹೊರಗೆಳೆದರು. ಇವನು ತಳ್ಳಿದ, ಅವರು ಎಳೆದರು. ಕಿಟಕಿಯ ಬಳಿ ಕೂತಿದ್ದವರೆಲ್ಲ ಇದನ್ನು ಆಸಕ್ತಿಯಿಂದ ನೋಡಿದರು. ರೈಲು ಹೊರಟಾಗ ಟ್ರಂಕು ಪ್ಲಾಟ್‌ಫಾರಂ ಮೇಲಿತ್ತು, ಅದರ ಮೇಲೆ ಭಾವನವರಿದ್ದರು.

“ಇತಿಹಾಸ ಕರೀತಿರುವಾಗ ಊರಿಗೆ ಹೋಗೋನು ನಾನಲ್ಲ,” ಎಂದರು. “ನಡೀರಿ ಮನೆಗೆ.”

ಅರಳೆಯಪ್ಪ ಮತ್ತೆ ಹಾಸಿಗೆ ಹೊತ್ತುಕೊಂಡು ಮುಕ್ಕಾಲು ಗಂಟೆ ನಡೆದ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು: “ಯಾಕೆ, ರೈಲು ತಪ್ತಾ?”

“ರೈಲು ತಪ್ಪಲಿಲ್ಲ. ನಾಲಿಗೆ ತಪ್ತು.”

ರಾತ್ರಿ ಊಟದ ಹೊತ್ತಿಗೆ ಅವನು ಹೆಂಡತಿಯ ಬಳಿ ನಿಜ ಹೇಳಿದ. ಅವಳು ಹಣೆ ಚಚ್ಚಿಕೊಂಡಳು. “ನಮ್ಮಣ್ಣನ ಮುಂದೆ ಸುಳ್ಳು ಹೇಳೋದಾ? ಟ್ಯಾಂಕಿನ ಪುಸ್ತಕಕ್ಕೆ ಅಂತ ಆ ಟ್ಯಾಂಕಿನೊಳಗೇ ಇಳಿದಿದ್ದ ಮನುಷ್ಯ ಅವನು! ಬೆಳಗಾದ ಕೂಡ್ಲೇ ಒಪ್ಕೊಂಡುಬಿಡಿ.”

ಬೆಳಗಾದ ಕೂಡಲೇ ಒಪ್ಪಿಕೊಳ್ಳಲು ಅವನು ಎದ್ದರೆ ಭಾವನವರು ಆಗಲೇ ಸಂಶೋಧನೆಗೆ ಹೊರಟಿದ್ದರು. ಅವರು ನೇರವಾಗಿ ಹೋದದ್ದು ಊರಿಗೆಲ್ಲ ಹಿರಿಯಳಾದ, ಅರಳೆಯಪ್ಪನ ಸೋದರತ್ತೆಯ ಬಳಿಗೆ. ಅಂದರೆ ಆ ತಾತನ ಸ್ವಂತ ಮಗಳ ಬಳಿಗೆ. ಮುದುಕಿ ಹಿಂದಿನ ಓಣಿಯಲ್ಲಿ ತನ್ನ ಪಾಡಿಗೆ ತಾನಿದ್ದಳು. ಕಿವಿ ಪೂರ್ತಿ ಮಂದ, ಬಾಯಿ ಪೂರ್ತಿ ಚುರುಕು. ಅರಳೆಯಪ್ಪ ಹಿಂದೆಯೇ ಓಡಿಬಂದು ನೋಡಿದರೆ ಭಾವನವರು ಆಗಲೇ ಅವಳ ಕಿವಿಗೆ ಬಾಯಿಟ್ಟು ಅರಚುತ್ತಿದ್ದರು.

“ಸ್ಟೇಷನ್ನು! ರೈಲ್ವೆ ಸ್ಟೇಷನ್ನು! ನಿಮ್ಮಪ್ಪನಿಗೂ ಅದಕ್ಕೂ ಏನು ಸಂಬಂಧ?”

“ಬಂಧನ? ನಮ್ಮಪ್ಪನ್ನ ಯಾರೂ ಬಂಧಿಸಲಿಲ್ಲ. ಸುಳ್ಳು ಸುಳ್ಳೇ ಹೇಳಬೇಡ.”

“ಸಂಬಂಧ! ಸ್ಟೇಷನ್ನಿನ ಸಂಬಂಧ!”

ಮುದುಕಿ ಬಯಲಿನ ಕಡೆ ಕೈ ಮಾಡಿ ನಿಧಾನವಾಗಿ ಹೇಳಿದಳು: “ಆ ಸ್ಟೇಷನ್ನು ಇವತ್ತು ಅಲ್ಲಿ ನಿಂತಿದೆ ಅಂದ್ರೆ, ಅದು ನಮ್ಮಪ್ಪನ ದೆಸೆಯಿಂದ ಕಣಪ್ಪಾ.”

ಭಾವನವರು ಕಣ್ಣು ಮುಚ್ಚಿ ಕೈ ಮುಗಿದರು. ತಾನು ಹೇಳಿದ ಸುಳ್ಳು ತನಗಿಂತ ಮೊದಲೇ ಹುಟ್ಟಿ, ಬೆಳೆದು, ಹಿಂದಿನ ಓಣಿಯಲ್ಲಿ ವಾಸವಾಗಿತ್ತೆಂದು ಅರಳೆಯಪ್ಪನಿಗೆ ಗೊತ್ತಿರಲಿಲ್ಲ. ಒಪ್ಪಿಕೊಳ್ಳಬೇಕೆಂದು ಬಂದವನು ಎದೆ ಉಬ್ಬಿಸಿಕೊಂಡು ಮನೆಗೆ ಹೋದ. ಮನುಷ್ಯ ತನ್ನ ಸುಳ್ಳನ್ನು ತಾನೇ ನಂಬಲು ಎಷ್ಟು ಹೊತ್ತು ಬೇಕೆಂದು ತಿಳಿದವರು ಹೇಳಿಲ್ಲ. ನಮ್ಮ ಕಣ್ಣಿಗೆ ಕಂಡಂತೆ, ಹಿಂದಿನ ಓಣಿಯಿಂದ ಮುಂದಿನ ಓಣಿಗೆ ಬರುವಷ್ಟು ಹೊತ್ತು ಸಾಕು.

ಸುದ್ದಿ ಹರಡಿತು. ಹರಡಿದ್ದಕ್ಕಿಂತ ಬೇಗ ಅದರ ಫಲ ಬಂತು. ಬೆಳಗ್ಗೆ ಬಾಗಿಲು ತೆಗೆದರೆ ಕಿರಾಣಿ ಅಂಗಡಿಯವನು ನಿಂತಿದ್ದ.

“ನಿಮ್ಮ ತಾತನ ಸ್ಟೇಷನ್ನಲ್ಲಿ ನಲ್ಲಿ ನೀರು ಬರಲ್ಲ. ನಿನ್ನೆ ನನ್ನ ಅಳಿಯ ಬಾಯಾರಿ ಸತ್ತೇಹೋಗ್ತಿದ್ದ.”

“ಅದಕ್ಕೆ ನಾನೇನು ಮಾಡ್ಲಿ?”

“ಒಳ್ಳೇ ಕಥೆ! ಸ್ಟೇಷನ್ ಬೇಕು, ನಲ್ಲಿ ಬೇಡವಾ?”

ರೈಲು ತಡವಾದರೆ ಅರಳೆಯಪ್ಪನನ್ನು ಕೇಳಿದರು. ಹೆಂಚು ಸೋರಿದರೆ ಅರಳೆಯಪ್ಪನನ್ನು ಕೇಳಿದರು. ರೈಲಿನಲ್ಲಿ ಕೊಡೆ ಮರೆತು ಬಂದವಳೊಬ್ಬಳು ಅವನ ಅಂಗಡಿಯ ಮುಂದೆ ಕೂತು, ಕೊಡೆ ಸಿಗುವ ತನಕ ಏಳುವುದಿಲ್ಲವೆಂದಳು. ಕೊನೆಗೆ ಅವನು ತನ್ನ ಕೊಡೆಯನ್ನೇ ಕೊಟ್ಟು ಕಳಿಸಬೇಕಾಯಿತು. ಹೋಗುವಾಗ, “ನನ್ನದರ ಹಿಡಿ ಚೆನ್ನಾಗಿತ್ತು,” ಎಂದು ಹೇಳಿ ಹೋದಳು.

ಭಾವನವರು ಹತ್ತಿ ಹಿಂಜುವ ಕೋಣೆಯನ್ನು ತಮ್ಮ ಕಚೇರಿ ಮಾಡಿಕೊಂಡರು. ಹತ್ತಿ ಹಾರಿದರೆ ಅವರಿಗೆ ಸೀನು ಬರುತ್ತಿದ್ದುದರಿಂದ ಹಿಂಜುವ ಕೆಲಸ ನಿಂತಿತು. ಅಲ್ಲಿಂದ ಅವರು ರೈಲ್ವೆಯ ಮೇಲಿನ ಕಚೇರಿಗೆ ಅರ್ಜಿಯ ಮೇಲೆ ಅರ್ಜಿ ಹಾಕಿದರು: ಇಂಥ ಮಹನೀಯರ ಮೊಮ್ಮಗನಿಗೆ ಬೆಂಚಿನ ಮೇಲೆ ಹಾಸಿಗೆ ಹಾಸಲು ಅಡ್ಡಿ ಮಾಡಲಾಗಿದೆ, ಇದು ನ್ಯಾಯವೇ? ಮೇಲಿನ ಕಚೇರಿಯವರಿಗೆ ಆ ಮಹನೀಯರು ಯಾರೆಂದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಲು ಅವರಿಗೂ ನಾಚಿಕೆ. ಆದ್ದರಿಂದ ಸ್ಟೇಷನ್ ಮಾಸ್ಟರಿಗೆ ವಿವರಣೆ ಕೇಳಿದರು.

ಮರುದಿನ ಸ್ಟೇಷನ್ ಮಾಸ್ಟರು ತಾವೇ ನಡೆದುಕೊಂಡು ಅರಳೆಯಪ್ಪನ ಅಂಗಡಿಗೆ ಬಂದರು. ಕೈಯಲ್ಲಿ ದಿಂಬು.

“ಸ್ವಾಮಿ, ದಯವಿಟ್ಟು ಬಂದು ಬೆಂಚಿನ ಮೇಲೆ ಮಲಗಿ.”

“ನನಗೆ ಅಂಗಡಿ ಇದೆಯಲ್ರೀ!”

“ಅರ್ಧ ಗಂಟೆ ಮಲಗಿದ್ರೆ ಸಾಕು. ಮಲಗಿದ್ದಾರೆ ಅಂತ ನಾನು ವರದಿ ಮಾಡ್ಬೇಕು. ನಿಮಗೇ ಕೈ ಮುಗಿದು ಕೇಳ್ಕೋತೀನಿ.”

ಅರಳೆಯಪ್ಪ ದಿಂಬು ಇಸಿದುಕೊಂಡು ಹೋಗಿ ಮಲಗಿದ. ರೈಲಿನಲ್ಲಿ ಬಂದಿಳಿದವರೆಲ್ಲ, ಪಾಪ ಯಾರಿಗೋ ಹುಷಾರಿಲ್ಲ ಎಂದುಕೊಂಡು ಮೆಲ್ಲಗೆ ಹೆಜ್ಜೆಯಿಟ್ಟು ಹೋದರು.

ಕೊನೆಗೆ ಮೇಲಿನ ಕಚೇರಿಯವರು ಒಂದು ಸಮಾರಂಭವನ್ನೇ ಇಟ್ಟುಕೊಂಡರು. ಸಾಹೇಬರೊಬ್ಬರು ಬರುವುದು, ಪ್ಲಾಟ್‌ಫಾರಂ ಗೋಡೆಗೆ ಕಲ್ಲಿನ ಫಲಕ ಹಾಕುವುದು ಎಂದಾಯಿತು. ಫಲಕದ ಒಕ್ಕಣೆ ಭಾವನವರದೇ. ಊರಿನವರೆಲ್ಲ ಸೇರಿದರು. ಮುದುಕಿಗೆ ಅಷ್ಟು ದೂರ ನಡೆಯಲಾಗುವುದಿಲ್ಲವೆಂದು ಕೈಗಾಡಿಯ ಮೇಲೆ ಮೆತ್ತನೆಯ ಹಾಸಿಗೆ ಹಾಸಿ ಅರಳೆಯಪ್ಪನೇ ತಳ್ಳಿಕೊಂಡು ಬಂದ. ಹುಟ್ಟಿದಾಗಿನಿಂದ ಅವಳು ಸ್ಟೇಷನ್ ನೋಡುತ್ತಿದ್ದುದು ಅದೇ ಮೊದಲು.

“ಇನ್ನೂ ಎಷ್ಟು ದೂರನೋ?” ಎಂದು ದಾರಿಯುದ್ದಕ್ಕೂ ಕೇಳಿದಳು.

“ಬಂತು ಅತ್ತೆ.”

“ಕಂತು? ಸೂರ್ಯ ಎಲ್ಲಿ ಕಂತಿದ್ದಾನೆ? ಇನ್ನೂ ನೆತ್ತಿ ಸುಡ್ತಾ ಇದೆ!”

ಸಾಹೇಬರು ಗಡಿಯಾರ ನೋಡಿಕೊಳ್ಳುತ್ತ ಭಾಷಣ ಮಾಡಿದರು. ಭಾವನವರು ಗಡಿಯಾರ ನೋಡಿಕೊಳ್ಳದೆ ಮಾಡಿದರು. ಅರಳೆಯಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹುಬ್ಬಿನ ಅರಳೆ ಒರೆಸಿಕೊಂಡು, ಮೊದಲ ಸಾಲಿನಲ್ಲಿ ಕೂತಿದ್ದ. ಅಷ್ಟು ದಿನದ ಕಾಟವೆಲ್ಲ ಮರೆತು, ನಮಗೂ ಒಂದು ಮನೆತನವಿದೆ ಎಂಬ ಸುಖ ಅವನ ಮುಖದಲ್ಲಿ ಹರಡಿತ್ತು. ಪಕ್ಕದಲ್ಲಿದ್ದ ಹೆಂಡತಿಯ ಕಡೆಗೆ ಒಮ್ಮೆ ನೋಡಿದ. ಅವಳೂ ನಕ್ಕಳು.

“ಆ ಮಹನೀಯರ ಮಗಳೇ ಇವತ್ತು ನಮ್ಮ ನಡುವೆ ಇದ್ದಾರೆ,” ಎಂದರು ಸಾಹೇಬರು. “ಅವರು ಎರಡು ಮಾತಾಡಲಿ.”

ಮುದುಕಿಯ ಬಾಯಿಯ ಬಳಿ ಮೈಕು ಹಿಡಿದರು. ಅವಳು ಅದನ್ನು ಮೂಸಿ ನೋಡಿ ದೂರ ತಳ್ಳಿದಳು. ಮತ್ತೆ ಹಿಡಿದರು.

ಭಾವನವರು ಕಿವಿಗೆ ಕೂಗಿದರು: “ನಿಮ್ಮಪ್ಪ! ಸ್ಟೇಷನ್ನು! ಅವತ್ತು ಹೇಳಿದ್ರಲ್ಲ, ಅದನ್ನ ಹೇಳಿ!”

“ಓ, ಅದಾ?” ಮುದುಕಿ ಹುಮ್ಮಸ್ಸಿನಿಂದ ನೆಟ್ಟಗೆ ಕೂತಳು. “ನಾನಾಗ ಇಷ್ಟುದ್ದ ಇದ್ದೆ. ರೈಲಿನವರು ಬಂದು ನಮ್ಮ ಮನೆ ಮುಂದೇನೇ ಗೂಟ ಹೊಡೆದ್ರು. ಇಲ್ಲೇ ಹಳಿ, ಇಲ್ಲೇ ಸ್ಟೇಷನ್ನು ಅಂದ್ರು.”

ಜನ ತಲೆದೂಗಿದರು.

“ನಮ್ಮಪ್ಪಂಗೆ ಕೆಟ್ಟ ಸಿಟ್ಟು ಬಂತು. ಇಂಜಿನ್ನಿಂದ ಕಿಡಿ ಹಾರುತ್ತೆ, ಒಂದು ಕಿಡಿ ಬಿದ್ರೆ ಹತ್ತಿ ಎಲ್ಲ ಬೂದಿ ಅಂತ. ಅವರು ಗೂಟ ಹೊಡೆಯೋದು, ನಮ್ಮಪ್ಪ ಕೀಳೋದು. ಅವರು ಹೊಡೆಯೋದು, ಇವನು ಕೀಳೋದು. ಆ ಗೂಟದಲ್ಲೇ ನಮ್ಮಮ್ಮ ಎಷ್ಟೋ ದಿನ ಒಲೆ ಉರಿಸಿದ್ಲು. ಒಳ್ಳೇ ಮರ ಅದು, ಹೊಗೆನೇ ಬರ್ತಿರಲಿಲ್ಲ.”

ತಲೆದೂಗುವುದು ನಿಂತಿತು.

“ಕೊನೆಗೆ ಆ ರೈಲಿನ ದೊರೆ ಬಂದು ಕೈ ಮುಗಿದ. ಮಾರಾಯ, ಇಲ್ಲಿ ಬೇಡ ಅಂದ್ರೆ ಎಲ್ಲಿ ಕಟ್ಲಿ, ನೀನೇ ಹೇಳು ಅಂದ. ನಮ್ಮಪ್ಪ ಹೀಗೆ ಬೆರಳು ತೋರಿಸ್ದ. ಅವರು ಆ ದಿಕ್ಕಲ್ಲಿ ನಡ್ಕೊಂಡು ಹೋದ್ರು. ಇಲ್ಲಿ ಸಾಕಾ ಅಂತ ಕೂಗಿದ್ರು. ಇನ್ನೂ ಅಂದ. ಇಲ್ಲಿ? ಇನ್ನೂ! ಆಮೇಲೆ ಅವರ ಕೂಗು ಕೇಳಿಸಲೇ ಇಲ್ಲ. ಹಾಂ, ಅಲ್ಲೇ ಇರ್ಲಿ ಅಂತ ನಮ್ಮಪ್ಪ ಮನೆಯೊಳಗೆ ಬಂದ.” ಮುದುಕಿ ಸುತ್ತ ನೋಡಿ, ತೃಪ್ತಿಯಿಂದ ಮುಗಿಸಿದಳು: “ನಮ್ಮಪ್ಪ ಇಲ್ದೇ ಇದ್ದಿದ್ರೆ ಈ ಶನಿ ಊರ ಮಧ್ಯದಲ್ಲೇ ಇರ್ತಿತ್ತು.”



ಮೊದಲು ಎದ್ದವನು ಕಿರಾಣಿ ಅಂಗಡಿಯವನು. “ಊರ ಮಧ್ಯ ಅಂದ್ರೆ ನನ್ನ ಅಂಗಡಿ ಮುಂದೆ! ನನ್ನ ಅಂಗಡಿ ಮುಂದೆ ಸ್ಟೇಷನ್ನು! ಅಯ್ಯೋ, ನಾನೀಗ ಏನಾಗಿರ್ತಿದ್ದೆ!”

“ನಮ್ಮಪ್ಪನ ಮೊಣಕಾಲು ಹೋಗಿದ್ದು ಈ ದಾರೀಲೇ,” ಎಂದ ಇನ್ನೊಬ್ಬ.

“ನನ್ನ ಮಗಳನ್ನ ನೋಡೋಕೆ ಬಂದ ಗಂಡಿನ ಕಡೆಯವರು ಅರ್ಧ ದಾರಿಯಿಂದಾನೇ ವಾಪಸ್ ಹೋದ್ರು!”

ಎಲ್ಲರಿಗಿಂತ ಹಿಂದೆ ಹಸಿರು ಬಾವುಟ ಹಿಡಿದು ನಿಂತಿದ್ದ ಸ್ಟೇಷನ್ ಮಾಸ್ಟರು ನಿಧಾನವಾಗಿ ಮುಂದೆ ಬಂದರು. “ಈ ಬಯಲಲ್ಲಿ ಇರೋಕಾಗಲ್ಲ ಅಂತ ನನ್ನ ಹೆಂಡತಿ ತವರಿಗೆ ಹೋದವಳು ಬಂದೇ ಇಲ್ಲ. ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ. ನಾನು ಇಷ್ಟು ದಿನ ಸರ್ಕಾರನ ಬೈತಿದ್ದೆ.” ಅರಳೆಯಪ್ಪನ ಮುಂದೆ ನಿಂತು ಕೈ ಚಾಚಿದರು. “ನನ್ನ ದಿಂಬು ವಾಪಸ್ ಕೊಡಿ.”

ಇಷ್ಟರ ನಡುವೆ ಸಾಹೇಬರು ಕೈಯಲ್ಲಿದ್ದ ಫಲಕದ ಪರದೆಯ ದಾರವನ್ನು ಗಾಬರಿಯಲ್ಲಿ ಎಳೆದುಬಿಟ್ಟರು. ಪರದೆ ಜಾರಿ ಬಿತ್ತು. ಕಪ್ಪು ಕಲ್ಲಿನ ಮೇಲೆ ದಪ್ಪ ಅಕ್ಷರ: ‘ಈ ನಿಲ್ದಾಣವು ಇಲ್ಲಿ ನಿಂತಿರುವುದು ಈ ಮಹನೀಯರ ದೆಸೆಯಿಂದ.’ ಕೆಳಗೆ ತಾತನ ಹೆಸರು, ಅದರ ಕೆಳಗೆ ಮೊಮ್ಮಗನ ಹೆಸರು, ಅಂಗಡಿಯ ವಿಳಾಸ.

ಸಾಹೇಬರು ಎರಡು ಸಲ ಓದಿದರು. “ಒಂದಕ್ಷರವೂ ತಪ್ಪಿಲ್ಲ,” ಎಂದರು. “ತೆಗೆಯೋ ಅಗತ್ಯ ಕಾಣಲ್ಲ.” ರೈಲು ಬಂದದ್ದೇ ತಡ, ಹತ್ತಿ ಹೊರಟುಹೋದರು.

ಅರಳೆಯಪ್ಪ ಕೈಗಾಡಿಯನ್ನು ತಳ್ಳುತ್ತ ಊರಿಗೆ ಹೊರಟ. ಹಿಂದೆ ಊರಿಗೆ ಊರೇ ನಡೆದು ಬರುತ್ತಿತ್ತು. ಮುಕ್ಕಾಲು ಗಂಟೆಯ ದಾರಿ. ಬೈಯುವುದಕ್ಕೆ ಧಾರಾಳವಾಗಿ ಸಮಯವಿತ್ತು. ಗಾಡಿಯ ಮೇಲೆ ಮುದುಕಿ ಸೊಗಸಾಗಿ ನಿದ್ದೆ ಮಾಡುತ್ತಿದ್ದಳು.

“ಭಾವ,” ಎಂದ ಅರಳೆಯಪ್ಪ ಅಳುವ ದನಿಯಲ್ಲಿ, “ಆಗಿದ್ದಾಯ್ತು. ನಾಳೆ ರೈಲಿಗೆ ನಿಮ್ಮ ಟ್ರಂಕು...”

“ನಾಳೆಯಾ?” ಭಾವನವರ ಕಣ್ಣು ಹೊಳೆಯುತ್ತಿತ್ತು. “ಈಗ ಹೋಗೋದಾ? ಇತಿಹಾಸ ಶುರುವಾಗಿದ್ದೇ ಈಗ! ಸ್ಟೇಷನ್ ಬಂದ ಕಥೆ ಮೊದಲನೇ ಸಂಪುಟ. ಸ್ಟೇಷನ್ ದೂರ ಹೋಗಿದ್ದರಿಂದ ಊರು ಅನುಭವಿಸಿದ ಕಷ್ಟ ಎರಡನೇ ಸಂಪುಟ. ಪ್ರತಿ ಮನೆಯವರೂ ಬಂದು ಹೇಳ್ಬೇಕು. ನಿಮ್ಮ ಮನೇಲೇ ಬರೆದುಕೊಳ್ತೀನಿ.”

“ನಮ್ಮ ಮನೇಲಾ!”

“ಮತ್ತೆ? ನಿಮ್ಮ ತಾತ ಮಾಡಿದ್ದಲ್ವಾ?”

ಅಂದಿನಿಂದ ಅರಳೆಯಪ್ಪನ ಬಾಗಿಲಲ್ಲಿ ಸಾಲು ಹತ್ತಿತು. ಒಬ್ಬೊಬ್ಬರೂ ಬಂದು ಕೂತು, ತಪ್ಪಿಹೋದ ರೈಲು, ತಪ್ಪಿಹೋದ ಕೆಲಸ, ತಪ್ಪಿಹೋದ ಸಂಬಂಧ ಎಲ್ಲ ಹೇಳಿದರು. ರೈಲನ್ನೇ ಹತ್ತದವರು ಕೂಡ ಬಂದು, ಸ್ಟೇಷನ್ ಹತ್ತಿರವಿದ್ದಿದ್ದರೆ ಹತ್ತುತ್ತಿದ್ದೆವು ಎಂದರು. ಹೇಳಿ ಹೇಳಿ ಅವರ ಮನಸ್ಸು ಹಗುರವಾಯಿತು; ಹೋಗುವಾಗ ಚಹಾ ಚೆನ್ನಾಗಿತ್ತು ಎಂದು ಹೇಳಿ ಹೋಗುತ್ತಿದ್ದರು. ನಿಜ ಹೇಳಬೇಕೆಂದರೆ ನಮ್ಮೂರಿನವರು ಅಷ್ಟು ಸಂತೋಷವಾಗಿದ್ದುದನ್ನು ನಾವು ಯಾವತ್ತೂ ನೋಡಿರಲಿಲ್ಲ. ಹಗುರವಾಗದವನು ಅರಳೆಯಪ್ಪ ಒಬ್ಬನೇ. ಕೆಲಸವಿಲ್ಲ, ನಿದ್ದೆಯಿಲ್ಲ, ತನ್ನ ಮನೆಯಲ್ಲಿ ತನಗೆ ಕೂರಲು ಜಾಗವಿಲ್ಲ. ಚಹಾ ಕಾಸಿ ಕಾಸಿ ಹೆಂಡತಿಯ ಮುಖ ಪಾತ್ರೆಯ ತಳದಂತಾಗಿತ್ತು, ಆದರೂ, “ನಮ್ಮಣ್ಣನ್ನ ಹೋಗು ಅಂತ ನಾನು ಹೇಗೆ ಹೇಳ್ಲಿ?” ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಅವನು, ಹತ್ತಿ ತರುತ್ತೇನೆಂದು ಹೇಳಿ, ಒಂದು ಚೀಲದಲ್ಲಿ ಎರಡು ಅಂಗಿ ತುರುಕಿಕೊಂಡು ಸ್ಟೇಷನ್ನಿಗೆ ನಡೆದ. ಭಾವನವರ ಊರಿಗೆ ಟಿಕೆಟ್ಟು ಕೇಳಿದ.

“ಹೋಗಿ ಬರೋದಾ?” ಎಂದರು ಸ್ಟೇಷನ್ ಮಾಸ್ಟರು.

“ಬರೀ ಹೋಗೋದು.”

ಸ್ಟೇಷನ್ ಮಾಸ್ಟರು ಅವನ ಮುಖವನ್ನು ಒಂದು ಕ್ಷಣ ನೋಡಿದರು. ಏನನ್ನಿಸಿತೋ, ಕಿಟಕಿಯಿಂದ ಟಿಕೆಟ್ಟಿನ ಜೊತೆಗೆ ತಮ್ಮ ಡಬ್ಬಿಯಿಂದ ಎರಡು ಬಿಸ್ಕತ್ತನ್ನೂ ತಳ್ಳಿದರು.

ಸಂಜೆಯ ಹೊತ್ತಿಗೆ ಅವನು ಭಾವನವರ ಮನೆಯ ಬಾಗಿಲು ತಟ್ಟಿದ. ಭಾವನವರ ಹೆಂಡತಿ ಬಾಗಿಲನ್ನು ಸ್ವಲ್ಪವೇ ತೆರೆದು, ಅವನನ್ನು ನೋಡಿ, ಆಮೇಲೆ ಅವನ ಬೆನ್ನ ಹಿಂದೆ ಇಣುಕಿದರು.

“ಅವರೂ ಬಂದ್ರಾ?” ಎಂದು ಪಿಸುಗುಟ್ಟಿದರು.

“ಇಲ್ಲ ಅಕ್ಕ. ಅಲ್ಲೇ ಇದ್ದಾರೆ. ಎರಡನೇ ಸಂಪುಟ ಬರೀತಿದ್ದಾರೆ.”

ಬಾಗಿಲು ಪೂರ್ತಿ ತೆರೆಯಿತು. ಆಕೆ ಅವನ ಕೈಯಿಂದ ಚೀಲ ತೆಗೆದುಕೊಂಡರು, ಕುರ್ಚಿ ಎಳೆದು ಹಾಕಿದರು, ಫ್ಯಾನು ಹಾಕಿದರು. ಮನೆ ನಿಶ್ಶಬ್ದವಾಗಿತ್ತು. ಒಳಗೆ ಎಲ್ಲೋ ರೇಡಿಯೋದಲ್ಲಿ ಸಣ್ಣಗೆ ಹಾಡು ಬರುತ್ತಿತ್ತು. ಯಾರ ತಾತನ ಸುದ್ದಿಯೂ ಇರಲಿಲ್ಲ. ಅರಳೆಯಪ್ಪ ಕಾಲು ಚಾಚಿ ಕಣ್ಣು ಮುಚ್ಚಿದ.

ಆಕೆ ಕಾಫಿ ತಂದಿಟ್ಟು, ಎದುರಿಗೆ ಕೂತು, ಸ್ವಲ್ಪ ಹಿಂಜರಿಯುತ್ತಲೇ ಕೇಳಿದರು: “ಅಂದಾಜು ಎಷ್ಟು ಸಂಪುಟ ಆಗಬಹುದು?”

ಅರಳೆಯಪ್ಪ ಲೋಟ ಎತ್ತಿಕೊಂಡ.

“ನಮ್ಮೂರು ದೊಡ್ಡದು ಅಕ್ಕ,” ಎಂದ. “ನೀವೇನೂ ಯೋಚನೆ ಮಾಡಬೇಡಿ.”